ಪ್ರೌಢಶಾಲೆಯಿಂದ ಕಾಲೇಜಿಗೆ



ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದ ವಾರದಲ್ಲಿ ರಾಯಚೂರು ನಗರದ ಮನೆಗಳಲ್ಲಿಯೂ ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿಯೂ ಒಂದೇ ಪ್ರಶ್ನೆಯು ಕೇಳಿಬರುತ್ತದೆ: "ಮುಂದೇನು?" ಇದಕ್ಕೆ ನೆರೆಹೊರೆಯವರು ಕೊಡುವ ಉತ್ತರವೂ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಹೆಚ್ಚು ಅಂಕ ಬಂದರೆ ವಿಜ್ಞಾನ, ನಡುವಣದ್ದಾದರೆ ವಾಣಿಜ್ಯ, ಕಡಿಮೆಯಾದರೆ ಕಲೆ. ಹೆಣ್ಣುಮಗಳಾದರೆ "ಇಷ್ಟು ಓದಿದ್ದು ಸಾಕು". ಹೀಗೆ ಹೇಳುವವರೆಲ್ಲ ಮಕ್ಕಳ ಹಿತವನ್ನೇ ಬಯಸುವವರು. ಆದರೆ ಹಿತವನ್ನು ಬಯಸಿದ ಮಾತ್ರಕ್ಕೆ ದಾರಿಯು ತಿಳಿಯುವುದಿಲ್ಲ. ಈ ಹೊತ್ತು ನಾವು ಹೇಳಬೇಕೆಂದಿರುವುದು ಇಷ್ಟೆ: ಕಾಲೇಜನ್ನು ಆರಿಸುವ ಮೊದಲು ವಿಷಯವನ್ನು ಆರಿಸಿರಿ, ವಿಷಯವನ್ನು ಆರಿಸುವ ಮೊದಲು ಅದು ಎಲ್ಲಿಗೆ ಕರೆದೊಯ್ಯುವುದೆಂದು ವಿಚಾರಿಸಿರಿ, ದಾರಿಯು ತಿಳಿದ ಮೇಲೆ ಭಾಷೆ, ದುಡ್ಡು, ದೂರ ಎಂಬ ಮೂರು ಭಯಗಳಿಗೆ ಅಂಜಿ ಹಿಂದೆಗೆಯಬೇಡಿರಿ.

ಈ ಮೂರು ಭಯಗಳು ನಮ್ಮ ಸೀಮೆಗೆ ಹೊಸವಲ್ಲ. ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1918ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅಲ್ಲಿ ಉರ್ದು ಬೋಧನಭಾಷೆಯಾಗಿತ್ತು. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಡಬಹುದೆಂದು ತೋರಿಸಿದ ಕೀರ್ತಿಯು ಆ ಸಂಸ್ಥೆಗೆ ಸಲ್ಲತಕ್ಕದ್ದೇ. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಮಾನ್ವಿಯ ಹುಡುಗನಿಗೆ ಅದು ಕಲಿತು ದಾಟಬೇಕಾದ ಮತ್ತೊಂದು ಹೊಳೆಯಾಯಿತು. ಅನುಕೂಲವುಳ್ಳವರು ಸಂಸ್ಥಾನದ ಗಡಿಯನ್ನು ದಾಟಿ ಧಾರವಾಡಕ್ಕೋ ಬೇರೆಡೆಗೋ ಹೋದರು. ಇಲ್ಲದವರು ಊರಿನಲ್ಲಿಯೇ ಉಳಿದರು. ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ತೆರೆದದ್ದು ಇಂಥ ಕಾಲದಲ್ಲಿ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯವನ್ನು ಸೇರಿತು. ಆ ಬಳಿಕವೂ ಈ ಸೀಮೆಗೆ ತನ್ನದೇ ಆದ ಗುಲ್ಬರ್ಗ ವಿಶ್ವವಿದ್ಯಾಲಯವು ದೊರೆಯಲು 1980ರವರೆಗೆ ಕಾಯಬೇಕಾಯಿತು.

ಇಂದಿನ ಸ್ಥಿತಿಯೇ ಬೇರೆ. ರಾಯಚೂರಿನಲ್ಲಿಯೇ 2007ರಿಂದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯುಂಟು; 2008ರಲ್ಲಿ ಸ್ಥಾಪಿತವಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವುಂಟು; 2019ರಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆಯುಂಟು; ರಾಯಚೂರು, ಯಾದಗಿರಿ ಜಿಲ್ಲೆಗಳಿಗೆ ಪ್ರತ್ಯೇಕ ವಿಶ್ವವಿದ್ಯಾಲಯವೂ ಆಗಿದೆ. ಆದರೂ 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಸಾಕ್ಷರತೆಯು ನೂರಕ್ಕೆ 75ನ್ನು ಮೀರಿದ್ದಾಗ ನಮ್ಮ ಜಿಲ್ಲೆಯದು 60ನ್ನು ಮುಟ್ಟಿರಲಿಲ್ಲ. ಹೆಂಗಸರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕೂ ಕಡಿಮೆ. 2002ರಲ್ಲಿ ವರದಿಯನ್ನೊಪ್ಪಿಸಿದ ನಂಜುಂಡಪ್ಪನವರ ಸಮಿತಿಯು ದೇವದುರ್ಗ, ಮಾನ್ವಿಗಳೆರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು. ಗುಡಿಯ ಬಾಗಿಲು ತೆರೆದಿದೆ. ಅಲ್ಲಿಗೆ ಹೋಗುವ ಹಾದಿಯನ್ನು ಮಕ್ಕಳಿಗೆ ತೋರಿಸುವವರು ಸಾಲದು.

ಮೊದಲು ವಿಷಯದ ಆಯ್ಕೆ. ಗೆಳೆಯನು ಹೋದನೆಂದು ತಾನೂ ವಿಜ್ಞಾನಕ್ಕೆ ಸೇರಿ, ಗಣಿತದಲ್ಲಿ ಎಡವಿ, ಎರಡು ವರ್ಷವನ್ನು ಕಳೆದುಕೊಂಡು ಮರಳುವ ಹುಡುಗರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕಲೆಯ ವಿಷಯಗಳು ಅಂಕವಿಲ್ಲದವರ ಆಶ್ರಯಸ್ಥಾನವೆಂಬ ಭಾವನೆಯೂ ಸರಿಯಲ್ಲ. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಮನಸ್ಸಿಟ್ಟು ಓದಿದವನಿಗೆ ನ್ಯಾಯಶಾಸ್ತ್ರ, ಅಧ್ಯಾಪನ, ಆಡಳಿತ ಇವೆಲ್ಲ ತೆರೆದೇ ಇವೆ. ಆಡಳಿತ ಸೇವೆಯ ದೊಡ್ಡ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಾಕು. ಕೈಕೆಲಸದಲ್ಲಿ ಒಲವುಳ್ಳವರಿಗೆ ಹತ್ತನೆಯ ತರಗತಿಯಾದೊಡನೆ ಸೇರಬಹುದಾದ ಪಾಲಿಟೆಕ್ನಿಕ್‌ಗಳುಂಟು. ಮೂರು ವರ್ಷದ ಆ ಡಿಪ್ಲೊಮಾ ಮುಗಿಸಿದವರು ಪ್ರವೇಶಪರೀಕ್ಷೆಯನ್ನು ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಏಕೆ ಮುಟ್ಟುವುದಿಲ್ಲವೆಂಬ ಮಾತನ್ನು ಮನೆಯ ಜಗುಲಿಯ ಮೇಲೆ ಕೇಳುತ್ತ ಬೆಳೆದ ಮಾನ್ವಿಯ ಭತ್ತದ ರೈತನ ಮಗಳಿಗೆ ಕೃಷಿವಿಜ್ಞಾನದ ಮೊದಲ ಪಾಠವು ಆಗಲೇ ಆಗಿದೆ. ಆದರೆ ಅವಳು ಆ ಪದವಿಗೆ ಹೋಗಬೇಕಾದರೆ ಪದವಿಪೂರ್ವ ತರಗತಿಯಲ್ಲಿ ಜೀವಶಾಸ್ತ್ರವನ್ನು ಬಿಡಬಾರದೆಂಬುದನ್ನು ಈಗಲೇ ಯಾರಾದರೂ ಅವಳಿಗೆ ತಿಳಿಸಬೇಕು. ಎರಡು ವರ್ಷ ಕಳೆದ ಮೇಲೆ ತಿಳಿಸಿದರೆ ಪ್ರಯೋಜನವಿಲ್ಲ.

ಆದಕಾರಣ ಒಂದು ಕಾಗದವನ್ನು ತೆಗೆದುಕೊಂಡು ನೀವು ಬಯಸುವ ಪ್ರತಿಯೊಂದು ವೃತ್ತಿಯ ಮುಂದೆಯೂ ಮೂರು ಸಂಗತಿಗಳನ್ನು ಬರೆಯಿರಿ: ಅದಕ್ಕೆ ಯಾವ ಪರೀಕ್ಷೆಗಳಾಗಬೇಕು, ಎಷ್ಟು ವರ್ಷ ಹಿಡಿಯುವುದು, ಎಷ್ಟು ವೆಚ್ಚವಾಗುವುದು. ತಿಳಿಯದಿದ್ದರೆ ಆ ವೃತ್ತಿಯಲ್ಲಿರುವವರನ್ನೇ ಹೋಗಿ ಕೇಳಿರಿ. ವಕೀಲರಾಗಲಿ, ದಾದಿಯರಾಗಲಿ, ಬ್ಯಾಂಕಿನ ಗುಮಾಸ್ತರಾಗಲಿ ವಿನಯದಿಂದ ಕೇಳುವ ವಿದ್ಯಾರ್ಥಿಗೆ ಹತ್ತು ನಿಮಿಷ ಕೊಡದಿರಲಾರರು. ಹಿಂದಿನ ವರ್ಷದ ಮಾತನ್ನು ನಂಬಿ ಕೂಡಬಾರದು, ನಿಯಮಗಳು ಬದಲಾಗುತ್ತವೆ. 2021ರಲ್ಲಿ ತಂದ ನಾಲ್ಕು ವರ್ಷದ ಪದವಿಯ ಏರ್ಪಾಡನ್ನು ಕೈಬಿಟ್ಟು 2024ರಿಂದ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿದುದೇ ಇದಕ್ಕೆ ಸಾಕ್ಷಿ.

ಇನ್ನು ಭಾಷೆಯ ಭಯ. ಹತ್ತು ವರ್ಷ ಕನ್ನಡದಲ್ಲಿ ಓದಿ ಜಾಣನೆನಿಸಿಕೊಂಡ ಹುಡುಗನು ವಿಜ್ಞಾನದ ತರಗತಿಯಲ್ಲಿ ಇಂಗ್ಲಿಷಿನ ಪಾಠವನ್ನು ಕೇಳಿ, ಒಂದೇ ತಿಂಗಳಲ್ಲಿ ತಾನು ದಡ್ಡನೆಂದು ತೀರ್ಮಾನಿಸಿಕೊಳ್ಳುತ್ತಾನೆ. ಇದು ಬುದ್ಧಿಯ ಕೊರತೆಯಲ್ಲ, ಮಾತಿನ ಪರಿಚಯದ ಕೊರತೆ. ಪ್ರತಿದಿನವೂ ಮರುದಿನದ ಪಾಠದಿಂದ ಹತ್ತು ಪಾರಿಭಾಷಿಕ ಶಬ್ದಗಳನ್ನು ಎತ್ತಿಕೊಂಡು, ಒಂದೊಂದರ ಅರ್ಥವನ್ನೂ ಕನ್ನಡದಲ್ಲಿ ತಿಳಿದು, ಅನಂತರ ಇಂಗ್ಲಿಷಿನಲ್ಲಿ ಬರೆದುನೋಡತಕ್ಕದ್ದು. ಒಂದು ಪುಟವನ್ನು ಗಟ್ಟಿಯಾಗಿ ಓದತಕ್ಕದ್ದು. ಆರು ತಿಂಗಳು ಬಿಡದೆ ನಡೆಸಿದರೆ ಮಂಜು ಕರಗುವುದು. ಕನ್ನಡವನ್ನು ಬಿಟ್ಟರೆ ಇಂಗ್ಲಿಷು ಬೇಗ ಬರುವುದೆಂದು ತಿಳಿಯಬೇಡಿರಿ. ಮಾನ್ವಿಯ ಜಗನ್ನಾಥದಾಸರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರಾಗಿದ್ದು, ತಾವು ಕಲಿತ ಶಾಸ್ತ್ರವನ್ನೆಲ್ಲ ಹರಿಕಥಾಮೃತಸಾರದಲ್ಲಿ ಕನ್ನಡಕ್ಕೆ ಇಳಿಸಿದರು. ಶಾಸ್ತ್ರವು ತಿಳಿದವನಿಗೆ ಭಾಷೆಯಿಂದ ಭಾಷೆಗೆ ದಾಟುವುದು ಸಾಧ್ಯವೆಂಬುದಕ್ಕೆ ನಮ್ಮ ನೆಲದಲ್ಲಿಯೇ ಇಂಥ ನಿದರ್ಶನವಿರುವಾಗ ನಾವು ಧೈರ್ಯಗೆಡಬೇಕಾದುದಿಲ್ಲ.

ದುಡ್ಡಿನ ಭಯಕ್ಕೆ ಉತ್ತರವು ಬಹುಮಟ್ಟಿಗೆ ಕಾಗದಪತ್ರಗಳಲ್ಲಿದೆ. ಸಂವಿಧಾನಕ್ಕೆ 371(ಜೆ) ವಿಧಿಯು ಸೇರಿ, 2013ರಿಂದ ಈ ಪ್ರದೇಶದ ವಿದ್ಯಾರ್ಥಿಗಳಿಗೆ ಇಲ್ಲಿಯ ವಿದ್ಯಾಸಂಸ್ಥೆಗಳ ನೂರರಲ್ಲಿ 70 ಸ್ಥಾನಗಳೂ ರಾಜ್ಯದ ಇತರ ಭಾಗಗಳಲ್ಲಿ 8 ಸ್ಥಾನಗಳೂ ಮೀಸಲಾಗಿವೆ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಹತ್ತು ವರ್ಷ ಹಳ್ಳಿಯಲ್ಲಿ ಓದಿದವರಿಗೊಂದು ಪಾಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೊಂದು ಪಾಲು ಇದೆ. ಇವು ಯಾರೋ ಕೊಡುವ ದಾನವಲ್ಲ. ನ್ಯಾಯವಾಗಿ ನಿಮಗೆ ಸಲ್ಲತಕ್ಕವು. ಆದರೆ ಪ್ರಮಾಣಪತ್ರವಿಲ್ಲದವನಿಗೆ ಹಕ್ಕು ಇದ್ದೂ ಇಲ್ಲದಂತೆಯೇ. 371(ಜೆ) ಅರ್ಹತಾಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು; ಜಾತಿ, ಆದಾಯ, ವ್ಯಾಸಂಗದ ಪತ್ರಗಳನ್ನೂ ಫಲಿತಾಂಶಕ್ಕೆ ಮೊದಲೇ ಕೂಡಿಸಿಟ್ಟುಕೊಳ್ಳಬೇಕು. ಕೊನೆಯ ದಿನದ ಸಂಜೆ ಕಚೇರಿಯಿಂದ ಕಚೇರಿಗೆ ಓಡುವವನು ಮಧ್ಯವರ್ತಿಯ ಕೈಗೆ ಸಿಕ್ಕುತ್ತಾನೆ. ಸರಕಾರಿ ವಿದ್ಯಾರ್ಥಿನಿಲಯಗಳೂ ವಿದ್ಯಾರ್ಥಿವೇತನಗಳೂ ಇವೆ; ಅರ್ಜಿಯನ್ನು ಹಾಕಿದವರಿಗೆ ಮಾತ್ರ ಅವು ದೊರೆಯುವುವು. ಬೆಂಗಳೂರಿಗೋ ಪುಣೆಗೋ ಕೂಲಿಗೆ ಹೋಗುವ ದೇವದುರ್ಗದ ತಂದೆತಾಯಿಗಳು ಮಕ್ಕಳನ್ನೂ ಜೊತೆಗೆ ಕರೆದೊಯ್ಯದೆ ನಿಲಯದಲ್ಲಿ ಬಿಟ್ಟುಹೋಗಲು ಇದೊಂದೇ ಆಸರೆ.

ಮೂರನೆಯದು ದೂರ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರು ಸುಮಾರು 50 ಕಿಲೋಮೀಟರು. ಈ ದೂರವು ಹುಡುಗನಿಗೆ ಬಸ್ಸಿನ ಪ್ರಯಾಣವಾದರೆ ಹುಡುಗಿಗೆ ವಿದ್ಯೆಯ ಕೊನೆಯಾಗುವುದುಂಟು. 2023ರ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಹೀಗಿರಲು ಉಳಿದಿರುವುದು ಮನಸ್ಸಿನ ದೂರ. ಪದವಿಪೂರ್ವದ ಎರಡು ವರ್ಷಗಳೆಂದರೆ ಹುಡುಗಿಯು ಹದಿನಾರರಿಂದ ಹದಿನೆಂಟಕ್ಕೆ ಕಾಲಿಡುವ ವರ್ಷಗಳು. ನಮ್ಮ ಕಡೆ ಮದುವೆಯ ಮಾತು ಎದ್ದುನಿಲ್ಲುವುದೂ ಆಗಲೇ. ಹದಿನೆಂಟು ತುಂಬದ ಹುಡುಗಿಯ ಮದುವೆಯು ಕಾನೂನಿಗೆ ವಿರುದ್ಧವೆಂಬುದಷ್ಟೇ ಅಲ್ಲ, ಆ ಎರಡು ವರ್ಷಗಳು ಮತ್ತೆ ಬಾರವೆಂಬುದನ್ನೂ ತಂದೆತಾಯಿಗಳು ಯೋಚಿಸಬೇಕು.

ಅನುತ್ತೀರ್ಣರಾದವರಿಗೂ ಒಂದು ಮಾತು. ಹತ್ತನೆಯ ತರಗತಿಗೂ ದ್ವಿತೀಯ ಪದವಿಪೂರ್ವಕ್ಕೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿಗೆ ಅವಕಾಶವಿದೆ. ಒಂದು ವಿಷಯ ತಪ್ಪಿತೆಂದು ಹತ್ತಿ ಬಿಡಿಸಲು ಹೋಗುವ ಮುನ್ನ ಮುಂದಿನ ಪರೀಕ್ಷೆಗೆ ಹಣ ಕಟ್ಟಿಬನ್ನಿರಿ.

ಕೊನೆಯದಾಗಿ, ನಗರದಲ್ಲಿರುವ ವಿದ್ಯಾವಂತರಾದ ತಮ್ಮಲ್ಲಿ ನಮ್ಮದೊಂದು ಬಿನ್ನಹ. ತಮ್ಮ ಮಕ್ಕಳಿಗೆ ದಾರಿ ಹೇಳಲು ತಾವಿದ್ದೀರಿ. ಮನೆಯಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿಯನ್ನು ದಾಟಿದ ಹುಡುಗಿಗೆ ಅರ್ಜಿಯ ಯಾವ ಮನೆಯಲ್ಲಿ ಏನು ಬರೆಯಬೇಕೆಂದು ಹೇಳುವವರಿಲ್ಲ. ತಮ್ಮ ಮನೆಗೆ ಕೆಲಸಕ್ಕೆ ಬರುವವರ, ಹಾಲು ಹಾಕುವವರ, ತಮ್ಮೂರಿನ ನೆಂಟರ ಮಕ್ಕಳಲ್ಲಿ ಈ ವರ್ಷ ಹತ್ತನೆಯ ತರಗತಿಯಲ್ಲಿ ಯಾರಿದ್ದಾರೆಂದು ವಿಚಾರಿಸಿರಿ. ಅಂಥ ಒಬ್ಬರನ್ನು ಒಂದು ಭಾನುವಾರ ಕರೆದು ಕೂಡಿಸಿಕೊಂಡು, ನಾವು ಮೇಲೆ ಹೇಳಿದ ಕಾಗದವನ್ನು ಅವರಿಂದ ಬರೆಯಿಸಿರಿ. ಅಗತ್ಯವಾದರೆ ಕಚೇರಿಗೂ ಜೊತೆಯಲ್ಲಿ ಹೋಗಿಬನ್ನಿರಿ. ತಮಗೆ ತಗಲುವುದು ಎರಡು ದಿನ. ಆ ಮಗುವಿಗೆ ಉಳಿಯುವುದು ಎರಡು ವರ್ಷ.