ನಾಯಿಯ ಮೊಣಕಾಲು

ಬೋರಗಾಂವದ ನಮ್ಮ ಮನೆಯಲ್ಲಿ ಭೀಮನೆಂಬ ಲ್ಯಾಬ್ರಡಾರ್ ನಾಯಿಯೊಂದಿದೆ. ವಯಸ್ಸು 7, ತೂಕ 34 ಕಿಲೋ. ಹೋದ ವರ್ಷ ಕಬ್ಬಿನ ಕಟಾವಿನ ದಿನಗಳಲ್ಲಿ ಅದು ಬಲ ಹಿಂಗಾಲನ್ನು ಎತ್ತಿಕೊಂಡು ನಡೆಯತೊಡಗಿತು. ಉಳುಕಿರಬೇಕೆಂದು ಒಬ್ಬರು ಔಷಧ ಕೊಟ್ಟರು. ಎರಡು ತಿಂಗಳ ಕಾಲ ನಾನೂ ಅದನ್ನೇ ನಂಬಿ ಎಣ್ಣೆ ತಿಕ್ಕುತ್ತ ಕುಳಿತೆ. ಕುಳಿತಾಗಲೆಲ್ಲ ಆ ಕಾಲನ್ನು ಪಕ್ಕಕ್ಕೆ ಚಾಚುತ್ತಿದ್ದುದನ್ನು ಕಂಡೂ ಅರ್ಥಮಾಡಿಕೊಳ್ಳಲಿಲ್ಲ. ಮೂವತ್ತು ವರ್ಷ ಹಳಗನ್ನಡದ ಪಾಠ ಹೇಳಿದವನಿಗೆ ಈ ವ್ಯಾಕರಣ ಬೇರೆಯದೇ ಆಗಿತ್ತು.

ಕೊನೆಗೆ ಪುಣೆಯ ಪಶುವೈದ್ಯರೊಬ್ಬರು ತೊಡೆಯೆಲುಬನ್ನು ಒಂದು ಕೈಯಲ್ಲಿ ಹಿಡಿದು, ಕೆಳಗಿನ ಎಲುಬನ್ನು ಮುಂದಕ್ಕೆ ಒತ್ತಿ ನೋಡಿದರು. ಮೇಜಿನ ಖಾನೆ ಜಾರಿದಂತೆ ಅದು ಜಾರಿತು. ಮೊಣಕಾಲಿನೊಳಗೆ ಒಂದನ್ನೊಂದು ಅಡ್ಡಹಾಯುವ ಎರಡು ಅಸ್ಥಿರಜ್ಜುಗಳಲ್ಲಿ ಮುಂದಿನದು ಹರಿದಿತ್ತು. ಆಟಗಾರರಲ್ಲಿ ಇದು ಒಂದೇ ಏಟಿಗೆ ಹರಿಯುವುದುಂಟು. ನಾಯಿಗಳಲ್ಲಿ ಬಹುಮಟ್ಟಿಗೆ ತಿಂಗಳುಗಟ್ಟಲೆ ಎಳೆಎಳೆಯಾಗಿ ಸವೆದು ಹರಿಯುತ್ತದೆ.

ಮುಂದೆ ಇದ್ದ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು, ಕೀಲಿನ ಹೊರಗಿನಿಂದ ಗಟ್ಟಿ ನೈಲಾನ್ ದಾರ ಬಿಗಿದು ಎಲುಬನ್ನು ತಡೆಯುವುದು. ಇದು 1970ರಿಂದ ಬಳಕೆಯಲ್ಲಿದೆ. ದಾರ ಕಾಲಕ್ರಮದಲ್ಲಿ ಸಡಿಲವಾಗುತ್ತದೆ, ಆದರೆ ಅಷ್ಟರಲ್ಲಿ ಸುತ್ತಣ ಅಂಗಾಂಶ ಗಟ್ಟಿಗೊಂಡು ಕೀಲನ್ನು ಹಿಡಿದುಕೊಳ್ಳುತ್ತದೆ. ಎರಡನೆಯದು, ಅಮೆರಿಕದ ಬಾರ್ಕ್ಲೆ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ಕ್ರಮ. ಕೆಳಗಿನ ಎಲುಬಿನ ತಲೆಯನ್ನು ಕಮಾನಿನಂತೆ ಕೊಯ್ದು, ತಿರುಗಿಸಿ, ಲೋಹದ ಪಟ್ಟಿಯಿಂದ ಬಿಗಿಯುತ್ತಾರೆ. ಎಲುಬಿನ ಮುಂದಿನ ಏಣನ್ನು ಮುಂದಕ್ಕೆ ಸರಿಸುವ ಮೂರನೆಯ ವಿಧಾನವೊಂದು ಜ್ಯೂರಿಕ್‌ನಲ್ಲಿ ಹುಟ್ಟಿತು. ನಮ್ಮ ವೈದ್ಯರು ಅದನ್ನು ಮಾಡುತ್ತಿರಲಿಲ್ಲ.

ಊರಿಗೆ ಬಂದು ಈ ಮಾತು ಹೇಳಿದಾಗ ನಮ್ಮ ಹೊಲ ನೋಡಿಕೊಳ್ಳುವ ಹಿರಿಯರು ಕೇಳಿದರು: “ಮಾಸ್ತರ್ರ, ಎಲಬು ಮುರದಿಲ್ಲಲ್ರೀ? ಗಟ್ಟಿ ಇದ್ದದ್ದನ್ನ ಯಾಕ ಕೊಯ್ಸತೀರಿ?”

ನನ್ನನ್ನು ಕಾಡುತ್ತಿದ್ದುದೂ ಅದೇ ಪ್ರಶ್ನೆ. ಉತ್ತರ ಅವರ ಗಾಡಿಯಲ್ಲಿಯೇ ಇತ್ತು. ಕಬ್ಬು ಹೇರಿದ ಗಾಡಿ ಇಳಿಜಾರಿನಲ್ಲಿ ನಿಂತಿದೆಯೆನ್ನಿ. ಹಗ್ಗ ಬಿಗಿದು ಹಿಡಿಯಬಹುದು. ನೆಲವನ್ನೇ ಸಮ ಮಾಡಲೂಬಹುದು. ನಾಯಿಯ ಆ ಎಲುಬಿನ ನೆತ್ತಿ ಸುಮಾರು 25 ಡಿಗ್ರಿ ಹಿಂದಕ್ಕೆ ಇಳಿಜಾರು; ಕಾಲೂರಿದಾಗಲೆಲ್ಲ ತೊಡೆಯೆಲುಬು ಅದರ ಮೇಲೆ ಹಿಂದಕ್ಕೆ ಜಾರುತ್ತದೆ. ಸ್ಲೋಕಮ್ ಕ್ರಮದಲ್ಲಿ ಆ ಇಳಿಜಾರನ್ನು ಸುಮಾರು 5 ಡಿಗ್ರಿಗೆ ಇಳಿಸುತ್ತಾರೆ. ಆಗ ಹರಿದ ರಜ್ಜುವಿನ ಕೆಲಸವೇ ಬಹುಪಾಲು ಉಳಿಯುವುದಿಲ್ಲ.

ಹಗುರ ನಾಯಿಗೆ ಹಗ್ಗ ಸಾಕಾಗಬಹುದು. ಭಾರದ ನಾಯಿಯ ಮಾತು ಬೇರೆ. 2013ರಲ್ಲಿ ಅಮೆರಿಕದಿಂದ 80 ನಾಯಿಗಳ ಅಧ್ಯಯನವೊಂದು ಪ್ರಕಟವಾಯಿತು. ವರ್ಷ ಕಳೆದ ಮೇಲೆ ಹತ್ತಕ್ಕೆ ಒಂಬತ್ತೋ ಹೆಚ್ಚೋ ಅಂಕ ಕೊಟ್ಟ ಯಜಮಾನರು ಎಲುಬು ಕೊಯ್ದ ಗುಂಪಿನಲ್ಲಿ ಶೇಕಡ 93, ದಾರದ ಗುಂಪಿನಲ್ಲಿ ಶೇಕಡ 75. ದಾರದವರೂ ಬಹುಮಂದಿ ತೃಪ್ತರೇ ಎಂಬುದನ್ನು ಮರೆಯುವಂತಿಲ್ಲ. ಎಲುಬು ಕೊಯ್ಯುವುದರ ಖರ್ಚು ಹೆಚ್ಚು. ಸೋಂಕಿನ ಭಯವೂ ಇಲ್ಲದಿಲ್ಲ. ಎರಡು ರಾತ್ರಿ ಯೋಚಿಸಿ, ಪಿಂಚಣಿಯ ಉಳಿತಾಯ ತೆಗೆದು, ಕೊಯ್ಯಿಸಿಯೇಬಿಟ್ಟೆ.

ಕಷ್ಟವಿದ್ದದ್ದು ಆಮೇಲೆ. ಎಂಟು ವಾರ ಮೆಟ್ಟಿಲಿಲ್ಲ, ಓಟವಿಲ್ಲ, ಹಗ್ಗ ಬಿಡುವಂತಿಲ್ಲ. ಮೊಮ್ಮಗ “ಅಜ್ಜಾ, ಒಮ್ಮೆ ಬಿಡು” ಎಂದು ಅಂಗಲಾಚಿದಾಗ ಗದರಿದ್ದೂ ಉಂಟು. ಎಂಟನೆಯ ವಾರದ ಎಕ್ಸ್‌ರೇಯಲ್ಲಿ ಎಲುಬು ಕೂಡಿಕೊಂಡಿತ್ತು. ಈಗ ಭೀಮ ನಾಲ್ಕೂ ಕಾಲೂರಿ ಹೊಲದವರೆಗೆ ಬರುತ್ತದೆ.

ಒಂದು ಮಾತನ್ನು ವೈದ್ಯರು ಬೀಳ್ಕೊಡುವಾಗ ಹೇಳಿದ್ದರು: ಒಂದು ಮೊಣಕಾಲು ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇನ್ನೊಂದೂ ಹೋಗುತ್ತದೆ. ಅಂದಿನಿಂದ ಅದು ಕುಳಿತಾಗಲೆಲ್ಲ ನನ್ನ ಕಣ್ಣು ಎಡಗಾಲಿನ ಮೇಲೆಯೇ ಇರುತ್ತದೆ.