ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ತಾಯ್ತನ



ಈ ವಿಷಯವನ್ನು ಧಾರವಾಡ ತಾಲೂಕಿನ ಒಂದು ಹಳ್ಳಿಯ ಅಂಗನವಾಡಿಯಲ್ಲಿ ನಾನು ಎತ್ತಿಕೊಂಡಾಗ, ಹಿಂದೆ ಕುಳಿತಿದ್ದ ಹಿರಿಯರೊಬ್ಬರು, “ಇದು ಪ್ಯಾಟಿ ಮಂದಿ ರೋಗರೀ, ನಮಗ್ಯಾಕ?” ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದುದೇ. ರಕ್ತಹೀನತೆಯ ಬಗ್ಗೆ ಕೇಳಿ ಕೇಳಿ ರೂಢಿಯಾದ ನಮ್ಮ ಹಳ್ಳಿಗಳಲ್ಲಿ ಬೊಜ್ಜಿನ ಮಾತು ಹೊಸದು. ಆದರೆ ಅತಿ ತೂಕದಿಂದ ಮುಟ್ಟು ಏರುಪೇರಾಗಿ, ಮಕ್ಕಳಾಗದೆ ಕೊರಗಿ, ಕೊನೆಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಸೋದರಿಯರು ಈಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಬರುತ್ತಿದ್ದಾರೆ. ಶಸ್ತ್ರಚಿಕಿತ್ಸೆ ಪಟ್ಟಣದಲ್ಲಿ ನಡೆದರೂ ಬಸಿರು ಮತ್ತು ಬಾಣಂತನ ನಡೆಯುವುದು ಊರಿನಲ್ಲಿಯೇ.

ಕುಂದಗೋಳ ಕಡೆಯ ಒಂದು ದಂಪತಿಗಳ ಸಂಗತಿಯನ್ನು ಹೇಳುತ್ತೇನೆ. ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಸಂತಾನವಿರಲಿಲ್ಲ. ಶಸ್ತ್ರಚಿಕಿತ್ಸೆಯಾದ ಐದನೆಯ ತಿಂಗಳಿಗೆ ಹೆಂಡತಿಗೆ ಮುಟ್ಟು ನಿಂತಿತು. ಒಂದು ವರ್ಷ ತಡೆಯಬೇಕೆಂದು ವೈದ್ಯರು ಹೇಳಿಯೇ ಕಳಿಸಿದ್ದರು. “ಆರು ವರ್ಷ ಆಗಲಾರದ್ದು ಈಗ ಹೆಂಗ ಆದೀತು ಅಂತ ಸುಮ್ನಿದ್ವಿರಿ” ಎಂದು ಗಂಡ ತಲೆ ತಗ್ಗಿಸಿ ಹೇಳಿದ. ತಪ್ಪು ತಿಳುವಳಿಕೆ ಇರುವುದೇ ಇಲ್ಲಿ. ತೂಕ ಇಳಿಯತೊಡಗಿದಂತೆ ನಿಂತುಹೋಗಿದ್ದ ಅಂಡೋತ್ಪತ್ತಿ ಕೆಲವೇ ತಿಂಗಳಲ್ಲಿ ಮರಳಿ ಆರಂಭವಾಗಬಹುದು. ಬಂಜೆ ಎಂದು ಊರವರಿಂದ ಅನ್ನಿಸಿಕೊಂಡವಳು ಎಲ್ಲರಿಗಿಂತ ಬೇಗ ಗರ್ಭ ಧರಿಸಬಹುದು. ಆ ಸೋದರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 7.4 ಗ್ರಾಂ ಮಾತ್ರ ಇತ್ತು. ಉಂಡದ್ದು ಎರಡು ತುತ್ತು, ಅದರಲ್ಲಿ ವಾಂತಿ.

ಈ ಶಸ್ತ್ರಚಿಕಿತ್ಸೆ ಏನೆಂಬುದನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಒಂದು ಬಗೆಯಲ್ಲಿ ಜಠರದ ಹೆಚ್ಚು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು ಬಾಳೆಹಣ್ಣಿನಾಕಾರದ ಕೊಳವೆಯಷ್ಟನ್ನು ಉಳಿಸುತ್ತಾರೆ. ಇನ್ನೊಂದು ಬಗೆ ಬೈಪಾಸ್. ಇದರಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವನ್ನಾಗಿಸಿ, ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಕಬ್ಬಿಣಾಂಶ ಮತ್ತು ಸುಣ್ಣದ ಅಂಶ ಮುಖ್ಯವಾಗಿ ಮೈಗೆ ಸೇರುವುದು ಬಿಟ್ಟುಹೋದ ಆ ಮೊದಲ ಭಾಗದಲ್ಲಿ. ಕಾಲುವೆಯ ನೀರು ತೂಬನ್ನು ಬಿಟ್ಟು ಮುಂದೆ ಹರಿದರೆ ಹೊಲಕ್ಕೆ ನೀರು ಸಿಕ್ಕೀತೇ?

ಆದುದರಿಂದ ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ತೂಕ ಅತಿ ವೇಗವಾಗಿ ಇಳಿಯುವ ಅವಧಿ ಅದು. ತಾಯಿಯ ದೇಹವೇ ತನ್ನ ಸಂಗ್ರಹವನ್ನು ಕರಗಿಸಿಕೊಂಡು ಬದುಕುತ್ತಿರುವಾಗ ಕೂಸಿಗೆ ಕೊಡಲು ಅದರಲ್ಲಿ ಏನೂ ಉಳಿಯದು. ತೂಕ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ ಬಸಿರಾಗುವುದು ಕ್ಷೇಮ.

ಈ ಅವಧಿಯಲ್ಲಿ ಯಾವ ಸಾಧನ ಬಳಸಬೇಕು? ನುಂಗುವ ಗುಳಿಗೆಯನ್ನು ನೆಚ್ಚಬೇಡಿರಿ. ಬೈಪಾಸ್ ಆದವರಲ್ಲಿ ಅದು ಮೈಗೆ ಸರಿಯಾಗಿ ಸೇರದೆ ಹೋಗಬಹುದು, ವಾಂತಿಯಾದರಂತೂ ವ್ಯರ್ಥ. ವಂಕಿ, ಅಂದರೆ ಕಾಪರ್-ಟಿ, ಉತ್ತಮ. ಅದಕ್ಕೂ ಹೊಟ್ಟೆಗೂ ಸಂಬಂಧವಿಲ್ಲ, ಬೇಡವೆಂದಾಗ ತೆಗೆಸಬಹುದು, ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದೂ ಕೆಲಸ ಮಾಡುತ್ತದೆ. ಆದರೆ ಅದು ಎಲುಬಿನ ಸಾಂದ್ರತೆಯನ್ನು ಕೊಂಚ ತಗ್ಗಿಸುವುದರಿಂದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ನಿರೋಧ್ ಬಳಸುವುದು ಗಂಡನ ಜವಾಬ್ದಾರಿ. ಆತನಿಗೆ ಇನ್ನೊಂದು ಕರ್ತವ್ಯವೂ ಇದೆ. “ಇನ್ನೂ ಏನೂ ಇಲ್ಲೇನು?” ಎಂದು ಹಿರಿಯರು ಕೇಳಿದಾಗ ಉತ್ತರ ಕೊಡಬೇಕಾದವನು ಅವನು, ಹೆಂಡತಿಯಲ್ಲ. “ಡಾಕ್ಟರು ಒಂದೂವರೆ ವರ್ಷ ತಡೀರಿ ಅಂದಾರವ್ವಾ” ಎಂದು ತಾಯಿಗೆ ತಿಳಿಸಿ ಹೇಳಿದರೆ ಮನೆಯಲ್ಲಿ ಅರ್ಧ ಕಲಹ ತಪ್ಪುತ್ತದೆ. ಅದನ್ನೂ ನಾನು ಕಂಡಿದ್ದೇನೆ.

ಮಗು ಬೇಕೆಂದು ನಿಶ್ಚಯಿಸಿದ ಮೇಲೆ, ವಂಕಿ ತೆಗೆಸುವುದಕ್ಕೆ ಮೂರು ತಿಂಗಳು ಮೊದಲೇ ರಕ್ತ ಪರೀಕ್ಷೆ ಮಾಡಿಸಿರಿ. ಹಿಮೋಗ್ಲೋಬಿನ್, ಕಬ್ಬಿಣಾಂಶದ ಸಂಗ್ರಹ, ಬಿ-12, ಡಿ ಜೀವಸತ್ವ, ಸಕ್ಕರೆ, ಥೈರಾಯ್ಡ್ ಇವು ತಿಳಿಯಬೇಕು. ನಮ್ಮ ಭಾಗದಲ್ಲಿ ಶಾಕಾಹಾರಿ ಮನೆತನಗಳು ಬಹಳ. ಬಿ-12 ಜೀವಸತ್ವವು ಸಸ್ಯಾಹಾರದಲ್ಲಿ ಇಲ್ಲ; ಹಾಲು ಮೊಸರಿನಲ್ಲಿ ಅಲ್ಪ. ಶಸ್ತ್ರಚಿಕಿತ್ಸೆಯೂ ಸೇರಿದರೆ ಕೊರತೆ ಇಮ್ಮಡಿಯಾಗುತ್ತದೆ, ಆಗ ಚುಚ್ಚುಮದ್ದೇ ಬೇಕಾಗಬಹುದು. ಕೂಸಿನ ಬೆನ್ನುಹುರಿಯ ದೋಷ ತಡೆಯಲು ಫೋಲಿಕ್ ಆಮ್ಲವನ್ನು ಬಸಿರಿಗೆ ಮೊದಲೇ ಆರಂಭಿಸಬೇಕು. ಸಾಮಾನ್ಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ತೂಕ ಇನ್ನೂ ಹೆಚ್ಚಿದ್ದವರಿಗೆ, ಸಕ್ಕರೆ ರೋಗವಿದ್ದವರಿಗೆ ವೈದ್ಯರು 5 ಮಿಲಿಗ್ರಾಂ ಬರೆದುಕೊಡುತ್ತಾರೆ. ಆದರೆ ಬಿ-12 ಕೊರತೆಯನ್ನು ನೋಡದೆ ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸುಧಾರಿಸಿದಂತೆ ಕಂಡು ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಕಬ್ಬಿಣದ ಮಾತ್ರೆಯನ್ನೂ ಸುಣ್ಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ತಾಸು ಬಿಡಬೇಕು. ಚಹಾದ ಜೊತೆಗಂತೂ ಬೇಡವೇ ಬೇಡ.

ಊಟದ ವಿಷಯದಲ್ಲಿ ಅತ್ತೆಯಂದಿರ ಪ್ರೀತಿಯೇ ನಮಗೆ ತೊಡಕು. “ಎರಡು ಜೀವದಾಕಿ, ಇನ್ನೊಂದು ರೊಟ್ಟಿ ತಿನ್ನು” ಎನ್ನುತ್ತಾರೆ; ಆಕೆಯ ಹೊಟ್ಟೆಯಲ್ಲಿ ಅದಕ್ಕೆ ಜಾಗವಿಲ್ಲ. ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು ತಿನ್ನಲಿ. ಮೊದಲ ತುತ್ತು ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ; ರೊಟ್ಟಿ ಅನ್ನ ಆಮೇಲೆ. ದಿನಕ್ಕೆ 60 ಗ್ರಾಂ ಸಸಾರಜನಕ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಎಂದರೆ ಲೆಕ್ಕ ನಿಮಗೇ ತಿಳಿದೀತು. ಕುಬಸದ ದಿನ ಮುತ್ತೈದೆಯರೆಲ್ಲ ಬಾಯಿಗೆ ಸಿಹಿ ಇಡುವುದುಂಟು. ಬೈಪಾಸ್ ಆದವಳು ನಾಲ್ಕು ಧಾರವಾಡ ಪೇಡೆ ತಿಂದರೆ ಬೆವರಿ, ಎದೆ ಬಡಿದುಕೊಂಡು, ತಲೆ ಸುತ್ತಿ ಬಿದ್ದಾಳು. ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿಯುವುದೇ ಇದಕ್ಕೆ ಕಾರಣ, ದೃಷ್ಟಿ ತಗಲಿದ್ದಲ್ಲ.

ಇದೇ ಕಾರಣದಿಂದ, ಬಸುರಿಯರಿಗೆಲ್ಲ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯ ದಿನ, “ನನಗೆ ಇಂಥ ಆಪರೇಶನ್ ಆಗಿದೆ” ಎಂದು ಕುಡಿಯುವ ಮೊದಲೇ ದಾದಿಯರಿಗೆ ಹೇಳಿರಿ. ಅದರ ಬದಲು 24ರಿಂದ 28ನೆಯ ವಾರದೊಳಗೆ ಒಂದು ವಾರ ಬೆರಳಿನ ರಕ್ತದಿಂದ ಸಕ್ಕರೆಯನ್ನು ನೋಡಬಹುದು. ಶಸ್ತ್ರಚಿಕಿತ್ಸೆಯ ಕಾಗದವನ್ನು ತಾಯಿ ಕಾರ್ಡಿಗೆ ಹೊಲಿದೇ ಇಡಿರಿ. ಪ್ರತಿ ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮತ್ತೆ ಆಗಬೇಕು. ಕೂಸು ಸಣ್ಣದಾಗುವ ಸಂಭವವಿರುವುದರಿಂದ ಕೊನೆಯ ತಿಂಗಳುಗಳಲ್ಲಿ ಅದರ ಬೆಳವಣಿಗೆಯ ಸ್ಕ್ಯಾನಿಂಗ್ ತಪ್ಪಿಸಬಾರದು.

ಒಂದು ಮಾತನ್ನು ಮಾತ್ರ ಮರೆಯಬೇಡಿರಿ. ಬೈಪಾಸ್ ಆದ ಗರ್ಭಿಣಿಗೆ ಹೊಟ್ಟೆಯಲ್ಲಿ ತೀವ್ರ ನೋವು ಬಂದು, ವಾಂತಿ ನಿಲ್ಲದಿದ್ದರೆ, ಅದು ಗ್ಯಾಸ್ ಎಂದು ಸೋಡಾ ಕುಡಿಸುತ್ತ, ಹೆರಿಗೆ ನೋವೆಂದು ಕಾಯುತ್ತ ಕೂರಬೇಡಿರಿ. ಬೆಳೆಯುವ ಗರ್ಭಕೋಶ ಒತ್ತಿದಾಗ ಕರುಳು ಒಳಗಿನ ಸಂದಿನಲ್ಲಿ ನುಸುಳಿ ಸಿಕ್ಕಿಕೊಳ್ಳಬಹುದು. ತಾಸುಗಳ ಮೇಲೆ ತಾಯಿ ಮಗುವಿನ ಪ್ರಾಣ ನಿಂತಿರುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ, ಶಸ್ತ್ರವೈದ್ಯರೂ ಹೆರಿಗೆ ವೈದ್ಯರೂ ಒಟ್ಟಿಗಿರುವ ದೊಡ್ಡ ಆಸ್ಪತ್ರೆಗೆ, ನಮ್ಮ ಜಿಲ್ಲೆಯಲ್ಲಾದರೆ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿ ವಿದ್ಯಾನಗರದ ಆಸ್ಪತ್ರೆಗೆ ಒಯ್ಯಿರಿ. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿಸಬೇಡಿರಿ. ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ.

ಅವಧಿಗೆ ಮುಂಚೆಯೇ ಬಸಿರಾದವರು ಗಾಬರಿಗೊಂಡು ಗರ್ಭ ತೆಗೆಸಲು ಓಡಬೇಕಾಗಿಲ್ಲ. ಬೇಗ ಬಂದು ತೋರಿಸಿಕೊಂಡರೆ ಆರೈಕೆ ಸಾಧ್ಯವಿದೆ. ಕುಂದಗೋಳದ ಆ ಸೋದರಿಗೆ ಕಬ್ಬಿಣಾಂಶವನ್ನು ರಕ್ತನಾಳದ ಮೂಲಕ ಕೊಟ್ಟೆವು, ಬಿ-12 ಚುಚ್ಚುಮದ್ದು ಹಾಕಿದೆವು, ಆಶಾ ಕಾರ್ಯಕರ್ತೆ ವಾರ ವಾರ ಮನೆಗೆ ಹೋದಳು. ದಿನ ತುಂಬುವ ಮುಂಚೆಯೇ ಹೆಣ್ಣುಮಗು ಹುಟ್ಟಿತು, ತೂಕ 1.9 ಕಿಲೋ. ಹದಿನೆಂಟು ದಿನ ನವಜಾತ ಶಿಶು ಘಟಕದಲ್ಲಿತ್ತು. ಬಾಣಂತಿಗೆ ಅಂಟಿನ ಉಂಡಿ ಕೊಡಬೇಡಿರೆಂದು ಅಜ್ಜಿಯನ್ನು ಒಪ್ಪಿಸುವುದೇ ನನಗೆ ಹೆಚ್ಚು ಕಷ್ಟವಾಯಿತು. ಎದೆಹಾಲು ಉಣಿಸುವಾಗಲೂ ಗುಳಿಗೆ, ಚುಚ್ಚುಮದ್ದು ಮುಂದುವರಿದವು, ಏಕೆಂದರೆ ತಾಯಿಯಲ್ಲಿ ಬಿ-12 ಇಲ್ಲದಿದ್ದರೆ ಹಾಲಿನಲ್ಲಿಯೂ ಇರುವುದಿಲ್ಲ. ಆ ಮಗುವನ್ನು ಈಗ ಅಂಗನವಾಡಿಯ ತಕ್ಕಡಿಯಲ್ಲಿ ಇಟ್ಟರೆ ಮುಳ್ಳು ನಿಲ್ಲದಷ್ಟು ಕೈಕಾಲು ಬಡಿಯುತ್ತದೆ. ತಾಯಿ ಈ ಸಲ ತಾನಾಗಿಯೇ ಬಂದು ವಂಕಿ ಹಾಕಿಸಿಕೊಂಡು ಹೋಗಿದ್ದಾಳೆ.

ಪ್ರತಿ ತಿಂಗಳ 9ನೆಯ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಉಚಿತವಾಗಿ ನಡೆಯುತ್ತದೆ. ಬರುವಾಗ ಗಂಡ ಹೆಂಡತಿ ಇಬ್ಬರೂ ಬನ್ನಿರಿ, ಆ ಕಾಗದವನ್ನು ಮರೆಯದೆ ತನ್ನಿರಿ.