ಕಡಲ ಮಂಜಿನ ಮೇಲೆ ಕೊನೆಯ ನಿಮಿಷ



ಪ್ರಾಣಿ ಕಲ್ಯಾಣದ ಕಾನೂನನ್ನು ಕುರಿತ ಈ ವಿಚಾರ ಸಂಕಿರಣವನ್ನು ಕೆನಡಾದ ಸೀಲ್ ಬೇಟೆಯಿಂದ ಆರಂಭಿಸುತ್ತೇನೆ ಎಂದಾಗ ಸಂಘಟಕರು ಕೊಂಚ ತಬ್ಬಿಬ್ಬಾದರು. ನಮ್ಮ ಕಡಲಲ್ಲಿ ಸೀಲ್ ಇಲ್ಲ, ನಮ್ಮ ಪೇಟೆಯಲ್ಲಿ ಅದರ ಚರ್ಮವೂ ಇಲ್ಲ. ಅದಕ್ಕೇ ಆರಿಸಿಕೊಂಡೆ. ಕಂಬಳ ಎಂದೊಡನೆ ಈ ಸಭಾಂಗಣ ಎರಡು ಹೋಳಾಗುತ್ತದೆ. ಸೀಲ್ ವಿಷಯದಲ್ಲಿ ನಮಗೆ ಯಾರ ಹಂಗೂ ಇಲ್ಲ, ತಣ್ಣಗೆ ಯೋಚಿಸಬಹುದು.

ಕೆನಡಾದ ಪೂರ್ವಕ್ಕೆ, ನ್ಯೂಫೌಂಡ್‌ಲ್ಯಾಂಡ್‌ನ ಸುತ್ತಿನ ಸಮುದ್ರದಲ್ಲಿ ಚಳಿಗಾಲದ ಕೊನೆಗೆ ತೇಲುವ ಮಂಜುಗಡ್ಡೆಯ ಮೇಲೆ ಹಾರ್ಪ್ ಸೀಲ್‌ಗಳು ಮರಿ ಹಾಕುತ್ತವೆ. ಹುಟ್ಟಿದಾಗ ಮರಿಯ ಮೈತುಂಬ ಅಚ್ಚಬಿಳಿ ತುಪ್ಪಳ. ತಾಯಿ ಮೊಲೆಯೂಡಿಸುವುದು ಹೆಚ್ಚೆಂದರೆ ಹನ್ನೆರಡು ದಿನ, ಆಮೇಲೆ ಮರಿಯನ್ನು ಅಲ್ಲೇ ಬಿಟ್ಟು ಹೊರಟುಹೋಗುತ್ತದೆ. ಆ ಬಿಳಿ ಮರಿಯ ಚಿತ್ರವೇ ಐವತ್ತು ವರ್ಷಗಳ ಜಗಳದ ಮುಖಪುಟ. 1977ರಲ್ಲಿ ಫ್ರೆಂಚ್ ನಟಿ ಬ್ರಿಜಿತ್ ಬಾರ್ದೋ ಮಂಜಿನ ಮೇಲೆ ಬಂದಿಳಿದ ಮೇಲಂತೂ ಆ ಮುಖ ಯುರೋಪಿನ ಮನೆಮನೆ ಸೇರಿತು. 1983ರಲ್ಲಿ ಯುರೋಪಿಯನ್ ಸಮುದಾಯ ಬಿಳಿಮರಿಯ ಚರ್ಮದ ಆಮದನ್ನು ತಡೆಯಿತು. 1987ರಲ್ಲಿ ಕೆನಡಾ ತಾನಾಗಿಯೇ ಬಿಳಿಮರಿಗಳ ವಾಣಿಜ್ಯ ಬೇಟೆಯನ್ನು ನಿಷೇಧಿಸಿತು.

ಇಲ್ಲಿಗೆ ಜಗಳ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಿಳಿ ತುಪ್ಪಳ ಉದುರಿದ ಮೇಲೆ ಮರಿಯನ್ನು ಕೊಲ್ಲಬಹುದು. ಈಗಲೂ ಬೇಟೆಯಾಗುವವುಗಳಲ್ಲಿ ಹೆಚ್ಚಿನವು ಮೂರು ತಿಂಗಳೊಳಗಿನವೇ. ಆದರೆ ನಿಷೇಧಗೊಂಡು ದಶಕಗಳಾದರೂ ಭಿತ್ತಿಪತ್ರಗಳಲ್ಲಿ ಅದೇ ಬಿಳಿಮರಿ ಕಣ್ಣರಳಿಸಿಕೊಂಡು ಕೂತಿತ್ತು. ನನಗಿದು ಅಪ್ರಾಮಾಣಿಕ ಅನಿಸುತ್ತದೆ. ಮುದ್ದಾಗಿರುವುದಕ್ಕೂ ನೋವಾಗುವುದಕ್ಕೂ ಏನು ಸಂಬಂಧ? ಹಂದಿಗೆ ಆ ಕಣ್ಣಿಲ್ಲ ಎಂದು ಅದರ ನೋವು ಕಡಿಮೆಯೇ?

ನಿಜವಾದ ವಾದ ಇರುವುದು ಬೇರೆ ಕಡೆ, ಪಶುವೈದ್ಯರಿಗೆ ಅದು ಬೇಗ ಅರ್ಥವಾಗುತ್ತದೆ. ಹೆಚ್ಚಿನ ಸೀಲ್‌ಗಳನ್ನು ದೋಣಿಯಿಂದಲೇ ರೈಫಲ್‌ನಿಂದ ಹೊಡೆಯುತ್ತಾರೆ. ಇನ್ನೊಂದು ಸಾಧನ ಹಕಪಿಕ್, ಅಂದರೆ ಉದ್ದನೆಯ ಮರದ ಹಿಡಿಯ ತುದಿಗೆ ಕಬ್ಬಿಣದ ಸುತ್ತಿಗೆ, ಅದರ ಹಿಂಬದಿಗೆ ಕೊಕ್ಕೆ. 2009ರಲ್ಲಿ ಬಿಗಿಗೊಳಿಸಿದ ಕೆನಡಾದ ನಿಯಮದ ಪ್ರಕಾರ ಕೆಲಸ ಮೂರು ಹಂತದ್ದು. ಮೊದಲು ತಲೆಗೆ ಹೊಡೆತ. ಆಮೇಲೆ ಬೇಟೆಗಾರ ಬಾಗಿ, ಕೈಯಿಂದ ಬುರುಡೆಯನ್ನು ಅದುಮಿ ನೋಡಬೇಕು. ಎರಡೂ ಬದಿ ಪುಡಿಯಾಗಿದೆಯೆಂದು ಬೆರಳಿಗೆ ಗೊತ್ತಾಗಬೇಕು. ಮೂರನೆಯದಾಗಿ ಮುಂದಿನ ಈಜುರೆಕ್ಕೆಗಳ ಕೆಳಗಿನ ಎರಡು ರಕ್ತನಾಳಗಳನ್ನು ಕೊಯ್ದು ಕನಿಷ್ಠ ಒಂದು ನಿಮಿಷ ರಕ್ತ ಬಸಿಯಲು ಬಿಡಬೇಕು. ಅದಾದ ಮೇಲೆಯೇ ಚರ್ಮ ಸುಲಿಯುವುದು.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನಿಯಮ ಬರೆಯುವುದು ಕಷ್ಟ. ಆದರೆ ಅದನ್ನು ಪಾಲಿಸಬೇಕಾದ ಜಾಗ ಯಾವುದು? ಅಲೆಗೆ ತೂಗುವ ದೋಣಿ, ಅದರ ಮುಂದೆ ತೇಲುವ ಗಡ್ಡೆ, ಅದರ ಮೇಲೆ ತಲೆ ಆಡಿಸುತ್ತಿರುವ ಪ್ರಾಣಿ. ಗುಂಡು ಒಂದು ಅಂಗುಲ ಪಕ್ಕಕ್ಕೆ ಬಿದ್ದರೆ ಗಾಯಗೊಂಡ ಸೀಲ್ ನೀರಿಗೆ ಜಾರಿ ಕಣ್ಮರೆಯಾಗುತ್ತದೆ. ಮಂಜು ತೆಳ್ಳಗಿದ್ದರೆ ಬೇಟೆಗಾರ ಇಳಿಯುವಂತಿಲ್ಲ, ಬುರುಡೆ ಅದುಮಿ ನೋಡುವುದು ದೂರದ ಮಾತು. ಮೇಲಾಗಿ ಸತ್ತ ಸೀಲ್ ಕೂಡ ಸ್ವಲ್ಪ ಹೊತ್ತು ಈಜಿದಂತೆ ಒದ್ದಾಡುವುದುಂಟು. ಹಾಗಾಗಿ ವಿಡಿಯೊ ನೋಡಿ ಜೀವವಿತ್ತೋ ಇಲ್ಲವೋ ಎಂದು ಹೇಳುವುದು ಸುಲಭವಲ್ಲ.

ಪುರಾವೆಗಳೂ ಹೀಗೇ ಒಂದಕ್ಕೊಂದು ಮುಖ ತಿರುಗಿಸಿ ನಿಂತಿವೆ. 2001ರಲ್ಲಿ ಪಶುವೈದ್ಯರ ಒಂದು ತಂಡ 76 ಬುರುಡೆಗಳನ್ನು ಪರೀಕ್ಷಿಸಿ, ಶೇ. 42ರಷ್ಟರಲ್ಲಿ ಪ್ರಜ್ಞೆ ತಪ್ಪಿತ್ತೆಂದು ಖಚಿತವಾಗಿ ಹೇಳುವಷ್ಟು ಪೆಟ್ಟು ಕಾಣಲಿಲ್ಲ ಎಂದಿತು. ಮರುವರ್ಷ ಕೆನಡಾದ ಇನ್ನೊಂದು ತಂಡ, ಶೇ. 98ರಷ್ಟು ಸೀಲ್‌ಗಳು ಒಪ್ಪಬಹುದಾದ ರೀತಿಯಲ್ಲೇ ಸತ್ತವು ಎಂದು ಪ್ರಕಟಿಸಿತು. ಯಾರೂ ಸುಳ್ಳು ಹೇಳಿರಲಾರರು. ಒಬ್ಬರು ನೋಡಿದ್ದು ಬೇಟೆಗಾರರು ಬಿಟ್ಟುಹೋದ ಬುರುಡೆಗಳನ್ನು, ಇನ್ನೊಬ್ಬರು ನೋಡಿದ್ದು ನಡೆಯುತ್ತಿದ್ದ ಕೆಲಸವನ್ನು. ಪಶುವೈದ್ಯ ಎದುರಿಗೆ ನಿಂತಾಗ ಯಾರ ಕೈ ತಾನೇ ಹೆಚ್ಚು ಜಾಗ್ರತೆಯಾಗುವುದಿಲ್ಲ? 2007ರಲ್ಲಿ ಯುರೋಪಿಯನ್ ಆಹಾರ ಸುರಕ್ಷತಾ ಪ್ರಾಧಿಕಾರ ನಡುದಾರಿ ಹಿಡಿಯಿತು: ಸೀಲ್‌ಗಳನ್ನು ಅನವಶ್ಯಕ ನೋವಿಲ್ಲದೆ ಕೊಲ್ಲುವುದು ಸಾಧ್ಯ, ಆದರೆ ಯಾವಾಗಲೂ ಹಾಗೆ ನಡೆಯುತ್ತಿಲ್ಲ. ನನ್ನ ಮಟ್ಟಿಗೆ ಬೇಟೆಯ ವಿರುದ್ಧದ ಅತಿ ಗಟ್ಟಿ ಮಾತು ಇದೇ. ನೋಡಿ ಖಾತರಿಪಡಿಸಿಕೊಳ್ಳಲಾಗದ ಜಾಗದಲ್ಲಿ ನಿಯಮ ಎಷ್ಟು ಒಳ್ಳೆಯದಾದರೇನು?

ಬೇಟೆಗಾರನ ಕಡೆಯ ಮಾತೂ ಹಗುರದ್ದಲ್ಲ. 1914ರಲ್ಲಿ ‘ನ್ಯೂಫೌಂಡ್‌ಲ್ಯಾಂಡ್’ ಎಂಬ ಹಡಗಿನ ಸೀಲ್ ಬೇಟೆಗಾರರು ಹಿಮಗಾಳಿಯಲ್ಲಿ ಮಂಜಿನ ಮೇಲೇ ಸಿಕ್ಕಿಕೊಂಡು 78 ಮಂದಿ ಸತ್ತರು. ಆ ದುಃಖ ಅಲ್ಲಿನ ಮನೆಗಳಲ್ಲಿ ಇನ್ನೂ ಇದೆ. 1992ರಲ್ಲಿ ಕಾಡ್ ಮೀನುಗಾರಿಕೆಯನ್ನೇ ಸರ್ಕಾರ ನಿಲ್ಲಿಸಿದಾಗ ಕರಾವಳಿಯ ಊರುಗಳು ಬರಿದಾದವು. ವರ್ಷದ ಆದಾಯದಲ್ಲಿ ಸೀಲ್‌ನ ಪಾಲು ಸಣ್ಣದು, ಆದರೆ ಬೇರೇನೂ ಸಿಗದ ತಿಂಗಳಲ್ಲಿ ಬರುವ ದುಡ್ಡು ಅದು. 2004ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಸೀಲ್‌ಗಳನ್ನು ಹೊಡೆದಿದ್ದರು. ಮುಂದೆ ಸರ್ಕಾರದ ಮಿತಿ ನಾಲ್ಕು ಲಕ್ಷಕ್ಕೇರಿದರೂ ಬೇಟೆ ಒಂದು ಲಕ್ಷವೂ ಮುಟ್ಟಲಿಲ್ಲ. ಕೊಳ್ಳುವವರೇ ಇಲ್ಲ.

ಹೆಚ್ಚು ಪೆಟ್ಟು ತಿಂದವರು ಈ ಜಗಳದಲ್ಲೇ ಇಲ್ಲದ, ಉತ್ತರದ ಆರ್ಕ್ಟಿಕ್ ನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನ. ಅವರು ಬೇಟೆಯಾಡುವುದು ಮುಖ್ಯವಾಗಿ ಬೇರೆ ಜಾತಿಯ ಸೀಲ್. ಬಿಳಿಮರಿಯ ತಂಟೆಗೆ ಹೋದವರಲ್ಲ. ಆದರೂ 1983ರ ನಂತರ ಅವರ ಚರ್ಮದ ಬೆಲೆ ನೆಲಕಚ್ಚಿತು. ಕೊಳ್ಳುವವನಿಗೆ ಸೀಲ್ ಎಂದರೆ ಸೀಲ್, ಅಷ್ಟೇ. 2009ರಲ್ಲಿ ಯುರೋಪಿಯನ್ ಒಕ್ಕೂಟ ಎಲ್ಲ ಸೀಲ್ ಉತ್ಪನ್ನಗಳನ್ನೂ ನಿಷೇಧಿಸಿದಾಗ ಇನುಯಿಟರಿಗೆ ವಿನಾಯಿತಿ ಕೊಟ್ಟಿತು. ಆದರೆ ಮಾರುಕಟ್ಟೆಯನ್ನೇ ಮುಚ್ಚಿ, ಒಬ್ಬನಿಗೆ ಮಾತ್ರ ಮಾರಲು ಅನುಮತಿ ಕೊಟ್ಟರೆ ಅವನು ಯಾರಿಗೆ ಮಾರಬೇಕು? ಆ ಸಿಟ್ಟನ್ನು ಇನುಯಿಟ್ ನಿರ್ದೇಶಕಿ ಅಲೆಥಿಯಾ ಅರ್ನಾಕುಕ್-ಬರಿಲ್ 2016ರ ‘ಆಂಗ್ರಿ ಇನುಕ್’ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾರೆ. ಕಾನೂನು ವಿದ್ಯಾರ್ಥಿಗಳು ನೋಡಲೇಬೇಕು.

ಯುರೋಪಿನ ಈ ನಿಷೇಧದ ವಿರುದ್ಧ ಕೆನಡಾ, ನಾರ್ವೆ ಎರಡೂ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದವು. 2014ರ ಮೇ ತಿಂಗಳಲ್ಲಿ ಮೇಲ್ಮನವಿ ಪೀಠದ ತೀರ್ಪು ಬಂತು. ಸಾರ್ವಜನಿಕ ನೈತಿಕತೆಗಾಗಿ ವ್ಯಾಪಾರ ತಡೆಯಬಹುದು, ಪ್ರಾಣಿಯ ನೋವು ಅಂಥ ಕಾರಣವಾಗಬಲ್ಲದು ಎಂದು ಒಪ್ಪಿದ ಪೀಠ, ವಿನಾಯಿತಿಯ ಬಗ್ಗೆ ಮಾತ್ರ ಚುಚ್ಚಿ ಕೇಳಿತು: ಇನುಯಿಟ್ ಬೇಟೆಯಲ್ಲೂ ಸೀಲ್‌ಗೆ ಅದೇ ನೋವಾಗಬಹುದಲ್ಲ? ಮರುವರ್ಷ ಯುರೋಪು ನಿಯಮ ತಿದ್ದಿಕೊಂಡಿತು. ಪ್ರಶ್ನೆಯಂತೂ ಹಾಗೇ ಉಳಿಯಿತು. ಹೇಗೆ ಕೊಂದರು ಎಂಬಲ್ಲಿ ಶುರುವಾದ ಮಾತು, ಯಾರು ಕೊಂದರು, ಯಾಕೆ ಕೊಂದರು ಎಂಬಲ್ಲಿಗೆ ಬಂದು ನಿಂತಿತ್ತು.

2014ರ ಅದೇ ಮೇ ತಿಂಗಳ 7ರಂದು ನಮ್ಮ ಸುಪ್ರೀಂ ಕೋರ್ಟ್ ನಾಗರಾಜ ಪ್ರಕರಣದಲ್ಲಿ ಜಲ್ಲಿಕಟ್ಟನ್ನು ನಿಷೇಧಿಸಿತ್ತು. ಆಮೇಲೆ, ಆ ತೀರ್ಪಿನಿಂದ ಕುತ್ತು ಬಂದ ಕಂಬಳಕ್ಕಾಗಿ ನಮ್ಮ ರಾಜ್ಯ ಕಾನೂನನ್ನೇ ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಇಲ್ಲೂ ಕೊನೆಗೆ ಗೆದ್ದದ್ದು ಯಾರ ಆಚರಣೆ ಎಂಬ ಪ್ರಶ್ನೆಯೇ. ನಡುವೆ 2018ರಲ್ಲಿ ಭಾರತ ಸೀಲ್ ಚರ್ಮದ ಆಮದನ್ನು ನಿಷೇಧಿಸಿತು. ಯಾರೂ ಬೀದಿಗಿಳಿಯಲಿಲ್ಲ, ಯಾರ ಒಲೆಯೂ ಆರಲಿಲ್ಲ. ದೂರದ ಪ್ರಾಣಿಯ ಮೇಲೆ ಕರುಣೆ ತೋರಲು ಖರ್ಚಿಲ್ಲ. ಹತ್ತಿರದ ಪ್ರಾಣಿಯ ಮಾತಿಗೆ ಬಂದರೆ, ನಮ್ಮ 2001ರ ಕಸಾಯಿಖಾನೆ ನಿಯಮಗಳು ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಲ್ಲಬಾರದು ಎನ್ನುತ್ತವೆ. ಇದು ಎಷ್ಟು ಊರುಗಳಲ್ಲಿ ಪಾಲನೆಯಾಗುತ್ತಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮೊದಲ ಗೋಷ್ಠಿ ಪಶುವೈದ್ಯರದ್ದು. ಅವರಲ್ಲಿ ನನ್ನ ಕೋರಿಕೆ ಒಂದೇ: ಪ್ರಜ್ಞೆ ತಪ್ಪಿದೆ ಎಂಬುದನ್ನು ಕುರಿಯಲ್ಲಿ, ಕೋಳಿಯಲ್ಲಿ, ಮೀನಿನಲ್ಲಿ ಹೇಗೆ ತಿಳಿಯುವುದು, ಅದನ್ನು ಯಾರು ನೋಡಬೇಕು, ನೋಡಿದ್ದನ್ನು ಎಲ್ಲಿ ಬರೆದಿಡಬೇಕು ಎಂಬುದನ್ನು ಮೊದಲು ಹೇಳಿ. ಕಾನೂನಿನವರು ಆಮೇಲೆ ಮಾತಾಡಲಿ.